ಮಾಳಿಗೆಯ ಮೇಲಿನ ಮಣ್ಣು

ಮೃಗಶಿರ ಮಳೆ ಹಿಡಿಯುವುದಕ್ಕೆ ಎಂಟು ದಿನ ಮೊದಲು ಭಾಲ್ಕಿಯ ನಮ್ಮ ಓಣಿಯ ಗಂಡಸರೆಲ್ಲ ಮಾಳಿಗೆಯ ಮೇಲಿರುತ್ತಿದ್ದರು. ಬಂಡಿಯಲ್ಲಿ ತಂದು ಸುರಿದ ಸವಳು ಮಣ್ಣನ್ನು ಬುಟ್ಟಿಗಳಲ್ಲಿ ತುಂಬಿ, ಏಣಿಯ ಮೇಲೆ ಕೈಯಿಂದ ಕೈಗೆ ಸಾಗಿಸಿ, ಹಳೆಯ ಮಣ್ಣಿನ ಮೇಲೆ ಹರಡಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಹಾಗೆ ಮಾಡಿದರೆ ಆ ವರ್ಷದ ಮಟ್ಟಿಗೆ ಮನೆ ಸೋರುವುದಿಲ್ಲವೆಂದು ನಂಬಿಕೆ. ನಮ್ಮ ತಂದೆಯವರು ಸುಮಾರು ನಲವತ್ತು ಮಳೆಗಾಲ ಈ ಕೆಲಸವನ್ನು ತಪ್ಪದೆ ಮಾಡಿದರು. ಏಣಿಯ ನಡುವಿನ ಮೆಟ್ಟಿಲಲ್ಲಿ ನಿಂತು ಬುಟ್ಟಿ ದಾಟಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಪ್ರತಿ ವರ್ಷ ನಾವು ಮೇಲೆ ಮಣ್ಣು ಹಾಕಿದೆವೇ ಹೊರತು ಒಮ್ಮೆಯೂ ಒಂದು ಬುಟ್ಟಿ ಮಣ್ಣನ್ನು ಕೆಳಗಿಳಿಸಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ಕಡೆಯ ಮಣ್ಣಿನ ಮಾಳಿಗೆಯನ್ನು ಕಂಡವರಿಗೆ ಅದರ ರಚನೆಯನ್ನು ವಿವರಿಸಬೇಕಾಗಿಲ್ಲ. ಬೀದರ ನಗರದಲ್ಲಿ ಕೆಂಪು ಜಂಬಿಟ್ಟಿಗೆಯ ಗೋಡೆಗಳಾದರೆ, ಭಾಲ್ಕಿ, ಔರಾದ ಕಡೆ ಕರಿಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆಗಳು. ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಕೊನೆಗೆ ಮಣ್ಣು. ಮೇ ತಿಂಗಳ ಉರಿಬಿಸಿಲಿನಲ್ಲಿಯೂ ಅದರ ಕೆಳಗೆ ನಡುಮನೆ ತಂಪಾಗಿರುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲಿ ಮಾಳಿಗೆಯ ಮೇಲೆ ಹಸಿರು ಹುಲ್ಲು ಮೊಳೆಯುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಬಾಡಿಹೋಗುತ್ತದೆ. ಮಾಳಿಗೆಯ ಮೇಲಣ ಹುಲ್ಲು ಬೆಳೆಯುವ ಮೊದಲೇ ಒಣಗುತ್ತದೆಂದು ಕೀರ್ತನೆಗಾರನು ಹೇಳಿದ ಮಾತನ್ನು ಅರ್ಥಮಾಡಿಕೊಳ್ಳಲು ನಮಗೆ ಯಾವ ವ್ಯಾಖ್ಯಾನವೂ ಬೇಕಿರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಂಟೆ ನಾಲ್ಕಾಗಲು ಇನ್ನೂ ನಾಲ್ಕು ನಿಮಿಷವಿರುವಾಗ, ಈ ನಂಬಿಕೆ ನಡುಗಿತು. ನಮ್ಮ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ಕಂಪಿಸಿತು. ಭಾಲ್ಕಿಯಿಂದ ಆ ಊರು ನೂರು ಕಿಲೋಮೀಟರಿನೊಳಗಿದೆ. ನಾವೂ ಎದ್ದು ಬೀದಿಗೆ ಓಡಿದೆವು. ಅಲ್ಲಿ ಸುಮಾರು 10,000 ಜನರು ಸತ್ತರು. ಗಣಪತಿ ವಿಸರ್ಜನೆ ಮುಗಿಸಿ ತಡವಾಗಿ ಮಲಗಿದ್ದವರು ಏಳಲೇ ಇಲ್ಲ. ಅವರನ್ನು ಕೊಂದದ್ದು ಭೂಕಂಪ ಎನ್ನುವುದು ಅರ್ಧ ಸತ್ಯ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಒಡೆದು ಬಿದ್ದವು. ವರ್ಷ ವರ್ಷ ಪದರು ಪದರಾಗಿ ಬೆಳೆದ ಮಾಳಿಗೆಯ ಮಣ್ಣು ಅವುಗಳ ಹಿಂದೆಯೇ ಕುಸಿದು ಮಲಗಿದ್ದವರ ಉಸಿರು ಕಟ್ಟಿಸಿತು. ಮಳೆಯಿಂದ ಮಕ್ಕಳನ್ನು ಕಾಪಾಡಲೆಂದು ತಂದೆತಾಯಿಗಳು ಹೊತ್ತು ಹಾಕಿದ ಮಣ್ಣು ಅದು.

ಆ ಬೆಳಿಗ್ಗೆ ನಮ್ಮ ತಂದೆಯವರು ಅಂಗಳದಲ್ಲಿ ನಿಂತು ಬಹಳ ಹೊತ್ತು ಮಾಳಿಗೆಯನ್ನೇ ನೋಡಿದರು. ಮರುವರ್ಷ ಜೂನ್ ಬಂದಾಗ ಮತ್ತೆ ಏಣಿ ಹಾಕಿದರು. ಸೋರಿಕೆ ಕಣ್ಣಿಗೆ ಕಾಣುತ್ತದೆ, ಭಾರ ಕಾಣುವುದಿಲ್ಲ. ಬಡವನಿಗೆ ಕಂಡದ್ದನ್ನು ಮುಚ್ಚುವುದಕ್ಕೇ ಕೈ ಸಾಲುವುದಿಲ್ಲ.

ತಂದೆಯವರು ತೀರಿಕೊಂಡ ಮೇಲೆ ಆ ಕೆಲಸವನ್ನು ತಮ್ಮ ಮುಂದುವರಿಸಿದ. ನಾನು ಬೀದರದಲ್ಲಿ ನೌಕರಿ ಹಿಡಿದು, 1997ರಲ್ಲಿ ಸ್ವಂತ ಮನೆ ಕಟ್ಟಿ ಸ್ಲ್ಯಾಬ್ ಹಾಕಿಸಿದ್ದೆ. ಭಾಲ್ಕಿಗೆ ಹೋದಾಗಲೆಲ್ಲ, "ಅವ್ವಾ, ಈ ಮಾಳಿಗೆ ಇಳಿಸೋಣ" ಎನ್ನುತ್ತಿದ್ದೆ. "ನಿಮ್ಮಪ್ಪ ಹಾಕಿದ ಮಣ್ಣ ಅದು. ನಾ ಇರೂತನ ಇರಲಿ" ಎಂಬುದು ತಾಯಿಯ ಉತ್ತರ. ನಿಜ ಹೇಳಬೇಕೆಂದರೆ ಆ ಉತ್ತರ ನನಗೆ ಅನುಕೂಲವಾಗಿತ್ತು. ಖರ್ಚನ್ನು ಯಾರು ಹೊರಬೇಕೆಂಬ ಮಾತು ನನ್ನ ಮತ್ತು ತಮ್ಮನ ನಡುವೆ ಎದ್ದು, ಇಬ್ಬರೂ ಮುಖ ತಿರುಗಿಸಿಕೊಂಡು ಎರಡು ವರ್ಷಗಳಾಗಿದ್ದವು. ತಾಯಿ ಬೇಡವೆಂದರೆ ಇಬ್ಬರಿಗೂ ನೆಮ್ಮದಿ.

ಆ ನೆಮ್ಮದಿಯನ್ನು ಕೆಡಿಸಿದ್ದು ಭಾಲ್ಕಿಯ ಮಾಳಿಗೆಯಲ್ಲ, ನನ್ನದೇ ಸ್ಲ್ಯಾಬು. ಒಂದು ರಾತ್ರಿ ಬೀದರದ ಮನೆಯ ಅಡುಗೆಕಟ್ಟೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಕಾಂಕ್ರೀಟ್ ಚಕ್ಕೆ ಕಳಚಿ ಬಿತ್ತು. ಹತ್ತು ನಿಮಿಷ ಮೊದಲು ನನ್ನ ಹೆಂಡತಿ ಅಲ್ಲಿ ನಿಂತಿದ್ದಳು. ಬಿದ್ದ ಜಾಗದಲ್ಲಿ ತುಕ್ಕು ಹಿಡಿದು ಉಬ್ಬಿದ ಕಬ್ಬಿಣದ ಸಲಾಕೆಗಳು ಕಂಡವು.

ಮರುದಿನ ಬಂದ ಹಿರಿಯ ಗೌಂಡಿ ಸುತ್ತಿಗೆಯ ಹಿಡಿಯಿಂದ ಛಾವಣಿಯನ್ನು ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಗಟ್ಟಿ ಜಾಗ ಖಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ಜಾಗ ಡೊಳ್ಳಿನಂತೆ ಬೋಳು ದನಿ ಕೊಡುತ್ತದೆ. "ಸಾಹೇಬರೆ, ಸ್ಲ್ಯಾಬ್ ಹಾಕಿದಾಗ ಎಷ್ಟು ದಿನ ನೀರು ನಿಲ್ಲಿಸಿದ್ರಿ?" ಎಂದು ಕೇಳಿದರು. ಅದು ನೀರಿಗೆ ಬರವಿದ್ದ ಏಪ್ರಿಲ್ ತಿಂಗಳು. ಮೂರೇ ದಿನ ನೀರುಣಿಸಿ ಕೈಬಿಟ್ಟವನು ನಾನೇ. ಕನಿಷ್ಠ 7 ದಿನ, ನಮ್ಮಂಥ ಒಣಬಿಸಿಲಿನ ಊರಿನಲ್ಲಿ 10 ದಿನ, ಬೂದಿ ಬೆರೆತ ಸಿಮೆಂಟಾದರೆ ಇನ್ನೂ ಹೆಚ್ಚು ದಿನ ಸ್ಲ್ಯಾಬು ಒದ್ದೆಯಾಗಿರಬೇಕು. ಸಲಾಕೆಯ ಕೆಳಗೆ ಮುಕ್ಕಾಲು ಅಂಗುಲಕ್ಕೆ ಕಡಿಮೆಯಿಲ್ಲದಂತೆ ಕಾಂಕ್ರೀಟಿನ ಹೊದಿಕೆ ಇರಬೇಕು. ನಮ್ಮಲ್ಲಿ ಕೆಲವೆಡೆ ಅರ್ಧ ಅಂಗುಲವೂ ಇರಲಿಲ್ಲ. ಮೇಲಿನ ಟಾಕಿ ತುಂಬಿ ಹರಿದ ನೀರು ವರ್ಷಗಟ್ಟಲೆ ಅಲ್ಲೇ ನಿಂತು ಒಳಗಿಳಿದಿತ್ತು. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಕಾಂಕ್ರೀಟನ್ನು ಒಡೆದು ಕೆಡಹುತ್ತದೆ. ಚೆನ್ನಾಗಿ ಕಟ್ಟಿ ನೋಡಿಕೊಂಡರೆ 50 ವರ್ಷಕ್ಕೂ ಮಿಕ್ಕಿ ಬಾಳಬೇಕಾದ ಸ್ಲ್ಯಾಬು ಅದರ ಅರ್ಧ ವಯಸ್ಸಿಗೇ ಸೊರಗಿತ್ತು. ಭಾಲ್ಕಿಯ ಮಾಳಿಗೆಯನ್ನು ಹಳತೆಂದು ಹೀಗಳೆಯುತ್ತಿದ್ದ ನನ್ನ ತಲೆಯ ಮೇಲೆಯೇ ಮುರುಕಲು ಸೂರಿತ್ತು.

ತುಕ್ಕು ಕೆರೆದು, ಸಲಾಕೆಗೆ ಲೇಪ ಹಚ್ಚಿ, ಹೊದಿಕೆ ಕಟ್ಟಿ, ಮೇಲೆ ನೀರು ಹರಿದುಹೋಗುವಂತೆ ಇಳಿಜಾರು ಕೊಟ್ಟು ಗೌಂಡಿ ನನ್ನ ಮನೆಯನ್ನು ಉಳಿಸಿದರು. ಕೆಲಸ ಮುಗಿದ ದಿನ ನಾನು ತಮ್ಮನಿಗೆ ಫೋನು ಮಾಡಿದೆ. ಯಾರು ಎಷ್ಟು ಕೊಡಬೇಕೆಂಬ ಮಾತನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅದೇ ಗೌಂಡಿಯನ್ನು ಭಾಲ್ಕಿಗೆ ಕರೆದುಕೊಂಡು ಹೋದೆವು.

ಅವರು ಮಾಳಿಗೆ ಏರಲಿಲ್ಲ. ಒಳಗೆ ಏಣಿ ಹಾಕಿಸಿ, ತೊಲೆ ಗೋಡೆಯೊಳಗೆ ಸೇರುವ ಜಾಗದಲ್ಲಿ ಚೂಪಾದ ಕಬ್ಬಿಣದ ಕಡ್ಡಿಯಿಂದ ಚುಚ್ಚಿದರು. ಎರಡು ತೊಲೆಗಳಲ್ಲಿ ಕಡ್ಡಿ ಬೆರಳುದ್ದ ಒಳಗಿಳಿಯಿತು. ನಮ್ಮ ಕಣ್ಣಿಗೆ ಬೀಳುವ ನಡುಭಾಗ ಕಲ್ಲಿನಂತಿತ್ತು. ಗೋಡೆಯಲ್ಲಿ ಹುದುಗಿದ ತುದಿಯನ್ನು ತೇವವೂ ಗೆದ್ದಲೂ ತಿಂದು ಮುಗಿಸಿದ್ದವು. ಬಳಿಕ ಒಂದು ಮೂಲೆಯಲ್ಲಿ ಮಣ್ಣು ಅಗೆದು ಅಳತೆ ಹಾಕಿದರು. ಎರಡು ಅಡಿ! ಹತ್ತಡಿ ಅಗಲ, ಹದಿನೈದಡಿ ಉದ್ದದ ಒಂದು ಕೋಣೆಯ ಮೇಲೆ ಅಷ್ಟು ಮಣ್ಣೆಂದರೆ ಸುಮಾರು 13 ಟನ್, ಐದು ಅಂಗುಲದ ಸ್ಲ್ಯಾಬಿಗಿಂತ ಮೂರು ಪಟ್ಟು ಭಾರ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅದರ ಕೆಳಗೆ ನಮ್ಮ ತಾಯಿ ಪ್ರತಿ ರಾತ್ರಿ ಜಪಮಾಲೆ ಹಿಡಿದು ಮಲಗುತ್ತಿದ್ದರು.

ಕೊನೆಗೆ ತಾಯಿ ಒಪ್ಪಿದ್ದು ಮಾಳಿಗೆಯನ್ನು ಕಿತ್ತುಹಾಕುವುದಿಲ್ಲ, ಹಗುರ ಮಾಡುತ್ತೇವೆಂದು ಗೌಂಡಿ ಮಾತು ಕೊಟ್ಟ ಮೇಲೆ. ಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆಯ ಮೇಲೆ ಸ್ಲ್ಯಾಬ್ ಹೊರಿಸುವುದು ಇನ್ನೊಂದು ಅಪಾಯ ಎಂದು ಅವರೇ ಎಚ್ಚರಿಸಿದ್ದರು. ಎರಡು ಕೋಣೆಗಳಿಂದ ಐದು ಟ್ರ್ಯಾಕ್ಟರ್ ಮಣ್ಣು ಇಳಿಯಿತು. ಅಗೆದ ಬದಿಯಲ್ಲಿ ಪದರುಗಳು ಪುಸ್ತಕದ ಹಾಳೆಗಳಂತೆ ಕಾಣುತ್ತಿದ್ದವು: ಕಂದು, ಬಿಳಿಚು, ಮತ್ತೆ ಕಂದು. ತಮ್ಮ ಬೆರಳಿಟ್ಟು ಎಣಿಸತೊಡಗಿ ಅರ್ಧಕ್ಕೇ ನಿಲ್ಲಿಸಿದ. ತಂದೆಯವರ ಒಂದೊಂದು ಜೂನ್ ತಿಂಗಳು ಅಲ್ಲಿತ್ತು. ಸತ್ತ ತೊಲೆಗಳನ್ನು ಬದಲಿಸಿ, ಉಬ್ಬಿದ್ದ ಒಂದು ಗೋಡೆಯನ್ನು ಬಿಚ್ಚಿ, ಎರಡೂ ಮುಖಗಳನ್ನು ಹಿಡಿದಿಡುವ ಉದ್ದಗಲ್ಲುಗಳನ್ನು ಕೊಟ್ಟು ಮತ್ತೆ ಕಟ್ಟಿದರು. ಹೊಸ ಹಲಗೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಂದು ಗೇಣು ಮಣ್ಣು ಮಾತ್ರ. ಇಳಿಸಿದ ಮಣ್ಣಿನಿಂದ ಮಳೆನೀರು ನಿಲ್ಲುತ್ತಿದ್ದ ಅಂಗಳವನ್ನು ಎತ್ತರಿಸಿದೆವು.

ಔರಾದದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯದು ಪತ್ರಾ ಛಾವಣಿ. ಹಗುರವೇನೋ ಹೌದು. ಆದರೆ ಮಧ್ಯಾಹ್ನದ ಕಾವಿಗೆ ಅವರು ಬೇವಿನ ಮರದ ಕೆಳಗೆ ಕೂರಬೇಕು. ಮುಂಗಾರಿನ ಮೊದಲ ಗಾಳಿಗೆ ತಗಡು ಹಾರದಿರಲೆಂದು ಮೇಲೆ ಕಲ್ಲು ಹೇರಿದ್ದರು. ಹಾಗೆ ಹೇರಿದ ಕಲ್ಲು ಗಾಳಿಯಲ್ಲಿ ಕೆಳಗೆ ಮಲಗಿದವರ ಮೇಲೆಯೇ ಬೀಳಬಹುದು. ತಗಡಿಗಿಂತ ಮೊದಲು ಅದರ ಮೊಳೆಯ ತೂತುಗಳು ತುಕ್ಕು ಹಿಡಿಯುತ್ತವೆ. ಕಲ್ಲು ಇಳಿಸಿ, ಕೊಂಡಿ ಬೋಲ್ಟುಗಳನ್ನು ರಬ್ಬರ್ ವಾಷರ್ ಸಹಿತ ಬಿಗಿಸಿದೆವು.

ಈ ಮೂರು ಮನೆಗಳ ಓಡಾಟದಲ್ಲಿ ಕಲಿತದ್ದನ್ನು ನಮ್ಮ ಕುಟುಂಬಗಳ ಉಪಯೋಗಕ್ಕಾಗಿ ಹೇಳುತ್ತೇನೆ. ತೆಳು ತಗಡು 10-15 ವರ್ಷ, ಒಳ್ಳೆಯ ಲೇಪದ ದಪ್ಪ ತಗಡು 25-30 ವರ್ಷ ಬಾಳುತ್ತದೆ. ಸಿಮೆಂಟ್ ಶೀಟೆಂದು ನಾವು ಕರೆಯುವ ಆಸ್ಬೆಸ್ಟಾಸ್ 30 ವರ್ಷ ದಾಟಬಹುದು. ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದರಿಂದ ಅದನ್ನು ಒಣದಾಗಿ ಕೊರೆಯಬಾರದು, ಒಡೆಯಬಾರದು. ತೆಗೆಯುವುದಾದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ನಾಡಿಗೆಲ್ಲ ಹಬ್ಬಿದ ಹಂಚು ಎರಡು ತಲೆಮಾರು ಬಾಳುತ್ತದೆ. ಮೊದಲು ಸೋಲುವುದು ಅದನ್ನು ಹೊತ್ತ ಮರ. ಸ್ಲ್ಯಾಬಿನ ಮೇಲೆ ಹಚ್ಚುವ ನೀರುತಡೆ ಬಣ್ಣದ ಆಯುಸ್ಸು ಐದಾರು ವರ್ಷ ಮಾತ್ರ. ಈ ಲೆಕ್ಕಗಳೆಲ್ಲ ಅಂದಾಜು. ತೊಲೆಯ ತುದಿ ಮೆತ್ತಗಾದರೆ, ಜಂತಿ ಬಾಗಿದರೆ, ಗೋಡೆ ಹೊಟ್ಟೆ ಉಬ್ಬಿದರೆ, ಸ್ಲ್ಯಾಬಿನಲ್ಲಿ ಸಲಾಕೆಯ ಗುಂಟ ಕಂದು ಗೆರೆ ಮೂಡಿದರೆ, ವಯಸ್ಸು ಎಷ್ಟೇ ಇರಲಿ, ಕಾಯಬಾರದು. ಸೋರಿಕೆಯ ಕಲೆ ಕಂಡಲ್ಲಿ ಮುಚ್ಚುವುದಕ್ಕೆ ಮೊದಲು, ಆ ನೀರು ಎಲ್ಲಿಂದ ಹೊರಟಿತು, ಯಾವುದನ್ನು ತಿಂದಿತು ಎಂದು ನೋಡಬೇಕು.

ಬೀದರದಲ್ಲಿ ಇದ್ದುಕೊಂಡು ಅಷ್ಟೂರಿನ ಗುಮ್ಮಟಗಳನ್ನು ನೆನೆಯದಿರಲಾಗದು. 1436ರಲ್ಲಿ ತೀರಿಕೊಂಡ ಅಹಮದ ಷಾ ಬಹಮನಿಯ ಗೋರಿಯ ಗುಮ್ಮಟ ಇಂದಿಗೂ ತನ್ನೊಳಗಿನ ಬಣ್ಣದ ಚಿತ್ರಗಳನ್ನು ಕಾಪಾಡಿಕೊಂಡಿದೆ. ಕೊಳೆಯುವ ತೊಲೆಯಾಗಲಿ ತುಕ್ಕು ಹಿಡಿಯುವ ಸಲಾಕೆಯಾಗಲಿ ಅದನ್ನು ಹೊತ್ತಿಲ್ಲ. ನೀರು ನಿಲ್ಲಲು ಅದರ ಮೇಲೆ ಜಾಗವೂ ಇಲ್ಲ. ಅದರ ಬಳಿಯಲ್ಲಿಯೇ ಹುಮಾಯೂನ ಷಾನ ಗೋರಿ ಸಿಡಿಲಿಗೆ ಸೀಳಿ ಅರ್ಧ ಬಿದ್ದು ನಿಂತಿದೆ. ಎಷ್ಟು ಗಟ್ಟಿಯಾಗಿ ಕಟ್ಟಿದರೂ ಮನುಷ್ಯನ ಸೂರಿಗೆ ಒಂದು ಮಿತಿಯುಂಟು. ಆ ಮಿತಿಯೊಳಗಿನ ಕರ್ತವ್ಯ ಮಾತ್ರ ನಮ್ಮದು. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕಟಾಂಜನ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯ ಮೇಲಿರುತ್ತದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ವಿಧಿಸುತ್ತದೆ. ಮಾಳಿಗೆಯ ಸುರಕ್ಷತೆಯನ್ನು ದೇವರು ಗೌಂಡಿಯ ಪಾಲಿಗೆ ಬಿಟ್ಟಿಲ್ಲ, ಮನೆಯವನ ಮನಸ್ಸಾಕ್ಷಿಯ ಮೇಲೆ ಹೊರಿಸಿದ್ದಾರೆ.

ಮಾಳಿಗೆ ತೆರೆದಿದ್ದ ಆ ವಾರದ ಒಂದು ಸಂಜೆ ಅಂಗಳದಲ್ಲಿ ಕುಟುಂಬ ಪ್ರಾರ್ಥನೆಗೆ ಕೂತಿದ್ದೆವು. ತಮ್ಮನ ಮಗಳು ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಓದಿದಳು. ಕಫೆರ್ನವುಮಿನ ಆ ಮನೆಯ ಮಾಳಿಗೆಯನ್ನು ತೋಡಿ, ನಾಲ್ವರು ತಮ್ಮ ಪಾರ್ಶ್ವವಾಯು ಪೀಡಿತ ಗೆಳೆಯನನ್ನು ಯೇಸುಸ್ವಾಮಿಯ ಮುಂದೆ ಇಳಿಸಿದ ಪ್ರಸಂಗ. ಅವರ ವಿಶ್ವಾಸದ ಬಗ್ಗೆ ನಾನು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇನೆ. ಆದರೆ ನಮ್ಮ ತಾಯಿ ಕೇಳಿದ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ಆಮ್ಯಾಲ ಆ ಮನಿ ಮಾಳಿಗಿ ಮತ್ತ ಯಾರ್ ಮುಚ್ಚಿ ಕೊಟ್ರು?"

ಜೀವನವಿಡೀ ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ಶುಭಸಂದೇಶ ಅದಕ್ಕೆ ಉತ್ತರ ಕೊಡುವುದಿಲ್ಲ. ಹಾಸಿಗೆ ಹೊತ್ತು ಬಂದ ನಾಲ್ವರೇ, ಸ್ವಸ್ಥನಾಗಿ ಎದ್ದು ನಡೆದ ಐದನೆಯವನನ್ನೂ ಸೇರಿಸಿಕೊಂಡು, ಮರುದಿನ ಮಣ್ಣು ಹೊತ್ತಿರಬೇಕೆಂದು ನನ್ನ ಊಹೆ. ನಾನು ತಮ್ಮನ ಕಡೆ ನೋಡಿದೆ. ಅವನು ತಲೆತಗ್ಗಿಸಿ ನಗುತ್ತಿದ್ದ. ಸೂರನ್ನು ತೆರೆದು ನೋಡುವ ಧೈರ್ಯವೂ ಪ್ರೀತಿಯೇ, ತೆರೆದದ್ದನ್ನು ಕೂಡಿ ಮುಚ್ಚಿಕೊಡುವ ದುಡಿಮೆಯೂ ಪ್ರೀತಿಯೇ ಎಂದು ಆ ಸಂಜೆ ನನಗೆ ತಿಳಿಯಿತು.

ಆ ಬಳಿಕದ ಮೃಗಶಿರಕ್ಕೂ ನಾವಿಬ್ಬರು ಭಾಲ್ಕಿಯ ಮಾಳಿಗೆ ಏರಿದೆವು. ಕೈಯಲ್ಲಿ ಬುಟ್ಟಿಯಿರಲಿಲ್ಲ. ಮೊಳೆತಿದ್ದ ಹುಲ್ಲನ್ನು ಬೇರುಸಹಿತ ಕಿತ್ತು, ನೀರು ಹೊರಹೋಗುವ ದಾರಿಯಲ್ಲಿ ಸಿಕ್ಕಿಕೊಂಡಿದ್ದ ಎಲೆಗಳನ್ನು ತೆಗೆದು, ಮಣ್ಣು ಒಂದು ಗೇಣಿಗಿಂತ ಹೆಚ್ಚಿಲ್ಲವೆಂದು ಅಳೆದು ನೋಡಿ ಕೆಳಗಿಳಿದೆವು.