ಹಳೆಯ ಗಾಡಿಗೆ ಹೊಸ ಅಂಗ

ಚಿತ್ರದುರ್ಗದ ಕೋಟೆಯ ಬಂಡೆಗಳು ದೂರದಿಂದಲೇ ಕಾಣುವ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳ ಸಾಲು. ಹಿರಿಯೂರಿನಲ್ಲಿ ಮೈಸೂರು–ಬಳ್ಳಾರಿ ರಸ್ತೆಯೂ ಅದನ್ನು ಕೂಡುತ್ತದೆ. ಇಂಥ ದಾರಿಯಲ್ಲಿ ಲಾರಿಯ ಬಿಡಿಭಾಗಗಳಿಗೆ ಬರವಿಲ್ಲ. ಆದರೆ ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ತಂದೆಯ ಕಾಲದ ಅಂಬಾಸಿಡರನ್ನು ಮತ್ತೆ ಓಡಿಸುವ ಹಂಬಲವುಳ್ಳವರ ಪಾಡು ಅಷ್ಟು ಸುಲಭವಲ್ಲ. ಅವರು ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಶೋಧಿಸಬೇಕಾದೀತು.

ಹೊರಡುವ ಮುನ್ನ ಗಾಡಿಯ ಕುಲಗೋತ್ರ ತಿಳಿದಿರಬೇಕು. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರಿನ ಹೊರರೂಪ ಹೆಚ್ಚು ಬದಲಾಗಲಿಲ್ಲ, ಒಡಲು ಬದಲಾಯಿತು. ಬಹುಕಾಲ ಅದರಲ್ಲಿದ್ದುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಅನಂತರ ಡೀಸೆಲ್ ಬಂದಿತು. 1990ರ ದಶಕದಲ್ಲಿ ಇಸುಜು ಎಂಜಿನ್ ಸೇರಿತು. ಆದುದರಿಂದ ಅಂಗಡಿಯಲ್ಲಿ ಗಾಡಿಯ ಹೆಸರೊಂದನ್ನೇ ಹೇಳಿದರೆ ಸಾಲದು. ಎಂಜಿನ್ ಸಂಖ್ಯೆಯೂ ಮುರಿದ ಭಾಗವೂ ಕೈಯಲ್ಲಿರಬೇಕು. ಫಿಯೆಟ್ಟಿನ ಕಥೆ ಬೇರೆ. ಅದು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ತಳೆಯಿತು. ಅದರ ಭಾಗಗಳನ್ನು ಎರಡು ಹೆಸರಿನಲ್ಲಿಯೂ ವಿಚಾರಿಸುವುದು ಜಾಣತನ.

ಎಲ್ಲಿಯೂ ದೊರೆಯದಿದ್ದರೆ ಲೇತ್ ಯಂತ್ರವೇ ಗತಿ. ಬುಷ್, ಪಿನ್ನುಗಳನ್ನು ಊರಿನಲ್ಲಿಯೇ ಕಡೆಯಿಸಬಹುದು. ಅಳತೆಯನ್ನು ಮಾತ್ರ ಹಳೆಯ ಭಾಗದ ಸವೆಯದ ತುದಿಯಿಂದ ತೆಗೆಯಬೇಕು. ಬ್ರೇಕಿನ ರಬ್ಬರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪೆಟ್ಟಿಗೆ ಒಡೆಯದಿದ್ದರೂ ವರ್ಷಗಟ್ಟಲೆ ಮಲಗಿದ ರಬ್ಬರು ಬಿರುಸಾಗಿ ಬಿರಿಯುತ್ತದೆ. ಅಲ್ಲಿ ಅಗ್ಗದ ಆಸೆ ಸಲ್ಲದು. ನಾಳೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಲಾರಿಗಳ ಸಾಲಿನ ನಡುವೆ ಅದೇ ಹೆದ್ದಾರಿಗೆ ಇಳಿಯಬೇಕಾದ ಗಾಡಿಯದು. ಎಂಜಿನ್ನಿಗಿಂತ ಮೊದಲು ಬ್ರೇಕು ಸರಿಯಾಗಲಿ.