ಪಾಟೀ ಸವಾಲಿನ ಹಿಂದಿನ ರಾತ್ರಿ

"ಸರ್, ತರಗತಿ ಕೈಮೀರಿದರೆ ಏನು ಮಾಡೋದು?" ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಆಗೆಲ್ಲ ನನಗೆ ಒಬ್ಬ ಶಿಕ್ಷಕರು ನೆನಪಾಗುತ್ತಾರೆ.

ನಾನಾಗ ಸರ್ಕಾರಿ ಪ್ರೌಢಶಾಲೆಯಲ್ಲಿದ್ದೆ, ಅವರು ಪಕ್ಕದ ಪ್ರಾಥಮಿಕ ಶಾಲೆಯಲ್ಲಿ. ಲೆಕ್ಕ ಮಾಡದ ಹುಡುಗನ ಕೈಗೆ ಸ್ಕೇಲಿನಿಂದ ಹೊಡೆದಿದ್ದರು, ಬೆರಳು ಊದಿಕೊಂಡಿತ್ತು. ಮೊದಲು ಅಮಾನತು, ಅರ್ಧ ಸಂಬಳದ ಜೀವನಾಧಾರ ಭತ್ಯೆ. ಆಮೇಲೆ ದೋಷಾರೋಪಣ ಪಟ್ಟಿ. ಅದರಲ್ಲಿ ಎರಡು ಆರೋಪ: ಆ ದಿನ ಹೊಡೆದದ್ದು, ಮತ್ತು ಮಕ್ಕಳನ್ನು ಪದೇ ಪದೇ ಹೊಡೆಯುವ ಚಾಳಿ. 1957ರ ಸಿ.ಸಿ.ಎ. ನಿಯಮಗಳಂತೆ ಇಲಾಖಾ ವಿಚಾರಣೆಯಲ್ಲಿ ಆಪಾದಿತ ನೌಕರ ಇನ್ನೊಬ್ಬ ಸರ್ಕಾರಿ ನೌಕರನ ನೆರವು ಪಡೆಯಬಹುದು. ವಕೀಲರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ನನ್ನ ಬಳಿ ಬಂದರು.

ನಿಯಮದ ಪುಸ್ತಕ ಓದಿಕೊಂಡೆ. ಎದುರಿಗೆ ಕೂತು ಅಳುವವರಿಗೆ ಏನು ಹೇಳಬೇಕೆಂದು ಅದರಲ್ಲಿ ಇರಲಿಲ್ಲ. "ಏನೂ ಆಗಲ್ಲ ಬಿಡಿ, ಎಚ್ಚರಿಕೆ ಕೊಟ್ಟು ಬಿಡ್ತಾರೆ" ಎಂದುಬಿಟ್ಟೆ. ವಾರದಲ್ಲಿ ವಿಚಾರಣೆಯ ನೋಟಿಸು ಬಂತು. ಮೂರು ದಿನ ಅವರು ನನ್ನ ಫೋನು ಎತ್ತಲಿಲ್ಲ. ಕೊನೆಗೆ ಅವರ ಹೆಂಡತಿಯೇ ಮಾಡಿದರು: "ಅಣ್ಣಾ, ಇವರು ಊಟಾನೇ ಬಿಟ್ಟಿದ್ದಾರೆ."

ಅಂದಿನಿಂದ ಭರವಸೆ ಕೊಡುವುದನ್ನು ನಿಲ್ಲಿಸಿದೆ. ವಿಚಾರಣಾಧಿಕಾರಿ ಎಲ್ಲಿ ಕೂರುತ್ತಾರೆ, ಮಂಡನಾಧಿಕಾರಿ ಏನು ಕೇಳಬಹುದು, ಪ್ರಶ್ನೆ ಅರ್ಥವಾಗದಿದ್ದರೆ ಹೇಗೆ ಹೇಳಬೇಕು, ಇಷ್ಟೇ ಮಾತಾಡುತ್ತಿದ್ದೆವು. ಅರ್ಧ ಗಂಟೆಯಾದ ಮೇಲೆ ಫೈಲು ಕಟ್ಟಿಟ್ಟು ಕಾಫಿ. ಫೈಲನ್ನು ಅವರ ಕೈಯಲ್ಲಿ ಬಿಟ್ಟರೆ ಬೆಳಗಿನ ಜಾವದವರೆಗೂ ಅದೇ ಪುಟ ತಿರುವುತ್ತಾರೆಂದು ನಾನೇ ಮನೆಗೆ ಒಯ್ಯುತ್ತಿದ್ದೆ.

ಹುಡುಗನ ಹೇಳಿಕೆಯಲ್ಲಿ ದಿನಾಂಕಗಳು ತಾಳೆಯಾಗುತ್ತಿರಲಿಲ್ಲ. ಪಾಟೀ ಸವಾಲಿಗೆ ಹನ್ನೆರಡು ಪ್ರಶ್ನೆ ಬರೆದುಕೊಂಡಿದ್ದೆ. ಹಿಂದಿನ ರಾತ್ರಿ ಅವರು ಅಂದರು: "ಸರ್, ಆ ಹುಡುಗನ್ನ ಏನೂ ಕೇಳಬೇಡಿ. ನಾನು ಹೊಡೆದದ್ದು ನಿಜ."

ಸುಳ್ಳೇಕೆ, ನನಗೆ ಸಿಟ್ಟು ಬಂತು. ಎರಡು ವಾರದ ದುಡಿಮೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸುತ್ತದೆ, ಒಪ್ಪಿಕೊಂಡರೆ ಕೆಲಸಕ್ಕೇ ಕುತ್ತು ಬರಬಹುದು ಎಂದೆ. "ಗೊತ್ತು ಸರ್. ಆದರೆ ಅವನು ನನ್ನನ್ನ ನೋಡಿದ್ರೆ ಈಗಲೂ ಕೈ ಹಿಂದಕ್ಕೆ ಎಳ್ಕೋತಾನೆ." ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ಗಂಟೆಯವರೆಗೆ ಕೂತು ಹೊಸ ಹೇಳಿಕೆ ಬರೆದೆವು. ಮೊದಲ ಆರೋಪ ಒಪ್ಪಿಗೆ, ಎರಡನೆಯದು ಸುಳ್ಳು. ಹುಡುಗನನ್ನು ನಾನು ಏನೂ ಕೇಳಲಿಲ್ಲ.

ಎರಡನೆಯ ಆರೋಪ ರುಜುವಾತಾಗಲಿಲ್ಲ. ಮೊದಲನೆಯದಕ್ಕೆ ವೇತನ ಬಡ್ತಿ ತಡೆಹಿಡಿದು ಆದೇಶವಾಯಿತು. ಬೇರೆ ಶಾಲೆಗೆ ಹಾಜರಾದ ದಿನ ಬೆಳಿಗ್ಗೆ ಫೋನು ಬಂತು.

"ಸರ್, ಮೊದಲ ಪಿರಿಯಡ್ಡೇ ಗಣಿತ. ಕೈ ನಡುಗ್ತಿದೆ."

"ಸ್ಕೇಲು ಎಲ್ಲಿದೆ?"

"ಬೀರುವಿನಲ್ಲಿ ಇಟ್ಟು ಬೀಗ ಹಾಕಿದೀನಿ."

"ಹಾಗಾದ್ರೆ ಒಳಗೆ ಹೋಗಿ, ಹಾಜರಿ ಕರೀರಿ."