ಪದಕದ ಅಂಚಿನ ಹೆಸರು

ಹಳೇ ಮಿಲಿಟರಿ ಪದಕ ಕೈಗೆ ಸಿಕ್ಕರೆ ಮುಖ ನೋಡಬೇಡಿ, ಅಂಚು ನೋಡಿ. ಇದು ನಾನು ಗುಡಗೇರಿಯ ನಮ್ಮ ಮನೆಯ ಟ್ರಂಕಿನಿಂದ ಕಲಿತ ಪಾಠ. ಅಜ್ಜಿಯ ಮಾವ ಬ್ರಿಟಿಷರ ಪಲ್ಟಣದಲ್ಲಿದ್ದರು. ಅವರ ಬ್ಯಾಡ್ಜು, ಪದಕ ಅದರಲ್ಲಿದ್ದವು. ಕಾಕಾಗೆ ಮಾರುವ ಆಸೆ. "ಖರೇ ಅದಾವೋ, ಡುಪ್ಲಿಕೇಟೋ, ನೋಡಿ ಹೇಳು" ಅಂದರು.

ಬ್ಯಾಡ್ಜಿನಲ್ಲಿ ಕಹಳೆ, ಮೇಲೆ ಕಿರೀಟ. 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಆ ಹೆಸರು ಪಡೆದದ್ದು 1922ರಲ್ಲಿ. ಆಗ ರಾಜರ ಕಾಲ, ಕಿರೀಟದ ಕಮಾನು ಗುಮ್ಮಟದಂತೆ ದುಂಡಗೆ. ನಡುವೆ ತಗ್ಗಿದ ರಾಣಿಯ ಕಿರೀಟ ಬಂದದ್ದು 1953ರ ಸುಮಾರಿಗೆ. ಅಷ್ಟರಲ್ಲಿ ನಮ್ಮ ದೇಶ ಗಣರಾಜ್ಯವಾಗಿತ್ತು. ಹಾಗಾಗಿ ತಗ್ಗು ಕಿರೀಟವಿದ್ದರೆ ನಕಲಿ. ನಮ್ಮದು ದುಂಡಗಿತ್ತು.

ಪದಕ ಬೆಳ್ಳಿಯದು, ಹಿಂದೆ ಕುದುರೆ ಸವಾರ, 1914, 1918. ಇಂಥದರ ಅಂಚಿನಲ್ಲಿ ಸಿಪಾಯಿಯ ನಂಬರು, ದರ್ಜೆ, ಹೆಸರು, ಪಲ್ಟಣ ಒತ್ತಿರುತ್ತಾರೆ. ಹೆಸರು ಬದಲಿಸುವವರು ಅರದಿಂದ ಉಜ್ಜುತ್ತಾರೆ, ಅಲ್ಲಿ ಅಂಚು ತೆಳ್ಳಗಾಗುತ್ತದೆ. ನಮ್ಮದರಲ್ಲಿ ಉಜ್ಜಿದ ಗುರುತಿಲ್ಲ. ಪದಕ ಅಸಲಿ. ಆದರೆ ಹೆಸರು ಬೇರೆಯವರದು!

ಗೆಳೆಯ ಕೊಟ್ಟನೋ, ಸತ್ತವನದನ್ನು ಇವರು ತಂದರೋ, ಹೇಳುವವರು ಈಗ ಯಾರೂ ಇಲ್ಲ. ಕಾಕಾ, "ಅಸಲಿ ಅಂದ್ಮ್ಯಾಲೆ ಮಾರೂಣು" ಅಂದರು. ಇಷ್ಟು ವರ್ಷ ಖಂಡೇಪೂಜೆಗೆ ಅದಕ್ಕೆ ಕುಂಕುಮ ಹಚ್ಚಿದ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಯಾರ ಮನ್ಯಾಗ ಪೂಜಾ ಆಗಬೇಕಿತ್ತೋ ಏನೋ. ಅವರು ಸಿಗೂತನಾ ಇಲ್ಲೇ ಇರ್ಲಿ."

ಈಗ ಆ ನಂಬರು ಹಿಡಿದು ಹುಡುಕುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ. ಒಮ್ಮೆ ಅಂಚು ಓದಿ.